ನಿನ್ನ ಹೆಸರಿನಲ್ಲಿ ಹೇಳಿದ ಹೂಂ

ಮನೆಯಿಂದ, ಕೆಲಸದ ಮೇಜು
ತಾರೀಖು ೧೪, ಸೋಮವಾರ, ಬೆಳಿಗ್ಗೆ ಏಳೂವರೆ

ಪ್ರೀತಿಯ ಮಗನೇ, ನನ್ನ ಬಿಚ್ಚಣ್ಣನೇ,

ಹೇಗಿದ್ದೀಯಪ್ಪಾ? ಕೆಮ್ಮು ಕಡಿಮೆಯಾಯಿತೇ? ದಿನವಿಡೀ ಎಂಜಿನ್ ಕೋಣೆಯಲ್ಲಿ ಡೀಸೆಲ್ ಹೊಗೆ ಕುಡಿಯುವವನಿಗೆ ಕೆಮ್ಮು ಬರದೆ ಇನ್ನೇನು ಬಂದೀತು. ಬಿಸಿನೀರು ಕುಡಿ, ಹೆಬ್ಬೆರಳಿನ ಗಾಯಕ್ಕೆ ಗ್ರೀಸ್ ತಾಗಿಸಬೇಡ. ಐದು ವರ್ಷದವನಿದ್ದಾಗ ಗಡಿಯಾರ, ರೇಡಿಯೋ, ಕೊನೆಗೆ ನನ್ನ ಪುಸ್ತಕ ಒತ್ತುವ ಪ್ರೆಸ್ಸಿನ ತಿರುಪನ್ನೂ ಬಿಚ್ಚಿಟ್ಟು ನಿನ್ನಮ್ಮನಿಂದ ಬಿಚ್ಚಣ್ಣ ಎಂದು ಹೆಸರು ಪಡೆದವನು ನೀನು. ಈಗ ಅಷ್ಟು ದೊಡ್ಡ ದೋಣಿಗಳ ಎಂಜಿನ್ ಬಿಚ್ಚುತ್ತೀಯ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತೇನೆ. ನಾನು ಚೆನ್ನಾಗಿದ್ದೇನೆ. ನಿನ್ನಮ್ಮನ ವಿಷಯಕ್ಕೆ ಬರುತ್ತೇನೆ, ಸ್ವಲ್ಪ ತಾಳು.

ಫೋನ್ ಇರುವಾಗ ಅಪ್ಪನಿಗೇನು ಈ ಕಾಗದದ ಹುಚ್ಚು ಎಂದುಕೊಳ್ಳಬೇಡ. ಫೋನಿನಿಂದಲೇ ಇಷ್ಟೆಲ್ಲ ಆಗಿರುವುದು. ನೀನು ದೋಣಿ ಕಂಪನಿಗೆ ಸೇರಿದ ಹೊಸದರಲ್ಲಿ ಒಂದು ಏರ್ಪಾಡು ಮಾಡಿದ್ದೆ, ನೆನಪಿದೆಯೇ? ನಿನ್ನ ಮೊಬೈಲ್ ಸಿಗದಿದ್ದರೆ ಅದಕ್ಕೆ ಬಂದ ಕರೆ ನಮ್ಮ ಮನೆಯ ಫೋನಿಗೆ ತಿರುಗಬೇಕು, ನಾನು ಎತ್ತಿ, ಯಾರು, ಏನು ಎಂದು ಬರೆದಿಟ್ಟುಕೊಳ್ಳಬೇಕು. ಎಂಜಿನ್ ಕೋಣೆಯಲ್ಲಿ ಸಿಗ್ನಲ್ ಇರದು, ಮೇಲ್ವಿಚಾರಕರ ಕರೆ ತಪ್ಪಬಾರದು ಎಂದು. ಆಗ ತಿಂಗಳಿಗೆ ಎರಡೋ ಮೂರೋ ಕರೆ ಬರುತ್ತಿದ್ದವು, ನಾನೂ ದೊಡ್ಡ ಗುಮಾಸ್ತನ ಹಾಗೆ ರಟ್ಟಿನ ಚೂರಿನ ಮೇಲೆ ಬರೆದಿಡುತ್ತಿದ್ದೆ. ಆಮೇಲೆ ನೀನೂ ಮರೆತೆ, ನಾನೂ ಮರೆತೆ. ಹೋದ ತಿಂಗಳು ನಿನ್ನನ್ನು ಹೊಳೆಯ ಆಚೆ ದಡದ ವರ್ಕ್‌ಶಾಪಿಗೆ ಹಾಕಿದರು. ದಡ ಬದಲಾಯಿತು, ದೇಶ ಬದಲಾಯಿತು, ನಿನ್ನ ಫೋನಿಗೆ ಸಿಗ್ನಲ್ ಕೊಡುವ ಕಂಪನಿಯೂ ಬದಲಾಯಿತು. ಆ ಹಳೆಯ ಏರ್ಪಾಡು ಮಾತ್ರ ಬದಲಾಗಲಿಲ್ಲ.

ಕಳೆದ ಬುಧವಾರ, ಹನ್ನೊಂದು ಗಂಟೆ ಇರಬಹುದು. ಶಾಲೆಯ ಗ್ರಂಥಾಲಯದಿಂದ ಬಂದ ಹಳೆಯ ನಿಘಂಟಿಗೆ ಹೊಲಿಗೆ ಹಾಕುತ್ತಿದ್ದೆ. ಎರಡೂ ಕೈಯಲ್ಲಿ ಹಾಳೆಯ ಕಂತೆ ಹಿಡಿದಾಗ ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಳ್ಳುವುದು ನನ್ನ ಅಭ್ಯಾಸ. ನಿನ್ನಮ್ಮ ಮೂವತ್ತು ವರ್ಷದಿಂದ ಬೈಯುತ್ತಲೇ ಇದ್ದಾಳೆ, “ಒಂದಿನ ನುಂಗ್ತೀರಾ ನೋಡಿ” ಎಂದು. ಫೋನು ಬಡಿದುಕೊಂಡಿತು. ರಿಸೀವರನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಸೂಜಿ ಕಚ್ಚಿಕೊಂಡೇ “ಹೂಂ” ಎಂದೆ. ಆ ಕಡೆ ನಿನ್ನಮ್ಮ. ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿರಬೇಕಾದವಳು ಆಸ್ಪತ್ರೆಯಿಂದ ಮಾತನಾಡುತ್ತಿದ್ದಳು. ಹಿಂದೆ ಯಾರೋ ನಂಬರ್ ಕೂಗಿ ರೋಗಿಗಳನ್ನು ಕರೆಯುತ್ತಿದ್ದುದು ಕೇಳಿಸುತ್ತಿತ್ತು. ಫೋನಿನಲ್ಲಿ ನಿನ್ನದೂ ನನ್ನದೂ ದನಿ ಒಂದೇ ಎಂದು ಎಲ್ಲರೂ ನಗುತ್ತಿದ್ದರಲ್ಲ, ಅವಳು ನಿನ್ನ ನಂಬರಿಗೆ ಮಾಡಿದ್ದಳು, ನೀನೇ ಎತ್ತಿದೆ ಅಂದುಕೊಂಡಳು. “ಮಗಾ, ಒಂದೇ ಉಸಿರಿಗೆ ಹೇಳಿಬಿಡ್ತೀನಿ, ಮಧ್ಯೆ ಬಾಯಿ ಹಾಕಬೇಡ. ಆಮೇಲೆ ಹೇಳೋಕೆ ನನಗೆ ಧೈರ್ಯ ಬರಲ್ಲ” ಎಂದಳು.

ಮಗನೇ, ನಿನ್ನಮ್ಮನ ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚುತ್ತಿಲ್ಲವಂತೆ. ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತಿದ್ದಳಲ್ಲ, ಅದು ಇಸ್ತ್ರಿಯ ಆವಿಯಿಂದ ಅಲ್ಲವಂತೆ. ಆಪರೇಷನ್ ಮಾಡಿದರೆ ಬಹಳ ವರ್ಷ ಇರಬಹುದು, ಮಾಡದಿದ್ದರೆ ಹೆಚ್ಚು ದಿನ ಇಲ್ಲ, ಮಾಡುವಾಗಲೇ ಏನಾದರೂ ಆಗುವುದೂ ಉಂಟು, ಯೋಚಿಸಿ ಹೇಳಿ ಎಂದರಂತೆ ವೈದ್ಯರು. ಇದನ್ನೆಲ್ಲ ಮಾರ್ಕೆಟ್ಟಿನ ಚೀಟಿ ಓದುವವಳ ಹಾಗೆ ಪಟಪಟ ಹೇಳಿದಳು. ಆಮೇಲೆ ದನಿ ತಗ್ಗಿಸಿದಳು. “ಅಪ್ಪನಿಗೆ ಗೊತ್ತಾಗಬಾರದು ಕಣೋ. ನಿನ್ನ ದೊಡ್ಡತ್ತೆ ಹೋದಾಗಿನಿಂದ ಆಪರೇಷನ್ ಅಂದ್ರೆ ಮಾರು ದೂರ ಓಡ್ತಾರೆ. ಅವರು ಬೇಡ ಅಂದ್ರೆ ನನ್ನ ಧೈರ್ಯಾನೂ ಹೋಗುತ್ತೆ. ನೀನು ಹೇಳು. ನೀನು ಹೂಂ ಅಂದ್ರೆ ಮಾಡಿಸ್ಕೋತೀನಿ. ಇಲ್ಲ ಅಂದ್ರೆ ಇದ್ದಷ್ಟು ದಿನ ಇರ್ತೀನಿ.”

ಸೂಜಿ ತೆಗೆದು “ನಾನು ಕಣೇ” ಎನ್ನಬಹುದಿತ್ತು. ಎಷ್ಟು ಹೊತ್ತಿನ ಕೆಲಸ ಅದು? ತೆಗೆಯಲಿಲ್ಲ. ಬಿಸಿತುಪ್ಪ ಬಾಯಿಗೆ ಬಿದ್ದವನ ಹಾಗೆ ಕುಳಿತಿದ್ದೆ. ನಾನು ನಾನಾಗಿ ಮಾತನಾಡಿದ್ದರೆ ಬೇಡ ಎಂದೇ ಅನ್ನುತ್ತಿದ್ದೆ ಎನ್ನುವುದು ಅವಳಿಗೂ ಗೊತ್ತು, ನನಗೂ ಗೊತ್ತು. ನಿನ್ನ ದೊಡ್ಡತ್ತೆಯ ಕಥೆಯನ್ನು ನಿನಗೆ ಅರ್ಧವಷ್ಟೇ ಹೇಳಿದ್ದೇನೆ. ಅವತ್ತು ನನಗೆ ಇಪ್ಪತ್ತೆರಡು. ನನ್ನಪ್ಪ ಊರಲ್ಲಿರಲಿಲ್ಲ. ವೈದ್ಯರು ಕಾಗದ ಮುಂದಿಟ್ಟು ಮಾಡೋಣವೇ ಎಂದು ಕೇಳಿದರು. ಹೂಂ ಎಂದು ಸಹಿ ಹಾಕಿದವನು ನಾನು. ಅಕ್ಕ ನನ್ನ ಕೆನ್ನೆ ತಟ್ಟಿ ಒಳಗೆ ಹೋದಳು, ಬರಲಿಲ್ಲ. ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ, ಆದರೂ ಅವತ್ತಿನಿಂದ ಹಲ್ಲು ಕೀಳಿಸಿಕೊಳ್ಳಲೂ ನಾನು ಆಸ್ಪತ್ರೆಯ ಹೊಸಿಲು ತುಳಿದಿಲ್ಲ. ಅಂಥ ನನ್ನಿಂದ ಬುಧವಾರ ಮತ್ತೆ ಆ ಮಾತು ಬಂತು. ನಿನ್ನ ಹೆಸರಿನ ಮರೆಯಲ್ಲಿ ನಿಂತಿದ್ದಕ್ಕೆ ಬಂತು ಅನಿಸುತ್ತದೆ. “ಹೂಂ” ಎಂದುಬಿಟ್ಟೆ.

ಅವಳು ದೊಡ್ಡ ಉಸಿರು ಬಿಟ್ಟಳು. “ನೀನು ಹೀಗೇ ಹೇಳ್ತೀಯ ಅಂತ ಗೊತ್ತಿತ್ತು. ಮುಂದಿನ ವಾರ ಶುಕ್ರವಾರ ಬೆಳಿಗ್ಗೆಗೆ ಕೊಟ್ಟಿದ್ದಾರೆ. ಗುರುವಾರವೇ ಬಂದುಬಿಡು, ಮನೆಯವರ ಸಹಿ ಬೇಕಂತೆ. ಫೋನಲ್ಲಿ ಮತ್ತೆ ಈ ಮಾತು ಎತ್ತಬೇಡ, ಅಪ್ಪ ಪಕ್ಕದಲ್ಲೇ ಇರ್ತಾರೆ” ಎಂದು ಇಟ್ಟಳು. ಅಪ್ಪ ಎಷ್ಟು ಪಕ್ಕದಲ್ಲಿದ್ದ ಎನ್ನುವುದು ಅವಳಿಗೆ ಇನ್ನೂ ಗೊತ್ತಿಲ್ಲ.

ತಕ್ಷಣ ನಿನಗೆ ಫೋನ್ ಮಾಡಿದೆ. ಎಂಗೇಜ್. ಕಾಲು ಗಂಟೆ ಬಿಟ್ಟು ಮಾಡಿದೆ, ಎಂಗೇಜ್. ಸಂಜೆ, ಮಾರನೆಯ ಬೆಳಿಗ್ಗೆ, ಮಧ್ಯಾಹ್ನ, ಬರೀ ಅದೇ ಟೂಂ ಟೂಂ. ಯಾವಳ ಜೊತೆ ಎರಡು ದಿನದಿಂದ ಹರಟುತ್ತಿದ್ದಾನಪ್ಪಾ ಈ ಭೂಪ ಎಂದು ಬೈದುಕೊಂಡೆ, ಕ್ಷಮಿಸು. ಕೊನೆಗೆ ಬೀದಿ ಕೊನೆಯ ಮೊಬೈಲ್ ಅಂಗಡಿಗೆ ಹೋದೆ. ಅಂಗಡಿಯಾಕೆ ಎಲ್ಲ ಕೇಳಿ ಮೊದಲು ನಕ್ಕಳು. “ಯಜಮಾನ್ರೇ, ನೀವು ನಿಮಗೇ ಫೋನ್ ಮಾಡ್ಕೊಂಡಿದ್ದೀರಿ. ಮಗನ ಫೋನ್ ಸಿಗ್ತಿಲ್ಲ, ಕರೆ ತಿರುಗಿ ನಿಮ್ಮ ಮನೆಗೇ ಬರುತ್ತೆ. ನಿಮ್ಮ ಕೈಯಲ್ಲೇ ರಿಸೀವರ್ ಇದ್ರೆ ಎಂಗೇಜ್ ಅನ್ನದೆ ಇನ್ನೇನು ಅನ್ನುತ್ತೆ?” ಎಂದಳು. ಫೋನು ತವರಿನಲ್ಲಿದ್ದಾಗ ಒಂದು ಥರ, ಅತ್ತೆಮನೆಗೆ ಹೋದರೆ ಇನ್ನೊಂದು ಥರವಂತೆ. ಹೊರಗಿನ ಕಂಪನಿಯ ಟವರಿಗೆ ಹೋದ ಮೇಲೆ ಕೆಲವು ಸೌಲಭ್ಯ ಅಲ್ಲಿಯವರ ಮರ್ಜಿ, ಕೆಲವು ಇಲ್ಲಿಯವರ ಮರ್ಜಿ. ಯಾರ ಕರೆ ಎಂದು ಅಲ್ಲಿ ತೋರಿಸದೇ ಇರಬಹುದು. ಸಂದೇಶ ಇವತ್ತು ಕಳಿಸಿದ್ದು ನಾಲ್ಕು ದಿನ ಕಳೆದು ಸಿಗಬಹುದು. ಕರೆ ತಿರುಗಿಸುವ ಏರ್ಪಾಡು ಮಾತ್ರ ನಮ್ಮ ಕಡೆಯ ಕಂಪನಿಯ ಯಂತ್ರದಲ್ಲೇ ಕೂತಿರುತ್ತದಂತೆ, ನೀನು ಯಾವ ದಡದಲ್ಲಿದ್ದರೂ ಅದು ತನ್ನ ಕೆಲಸ ಬಿಡುವುದಿಲ್ಲ. ನಾನು ಹೇಳಿದ್ದಕ್ಕೆ ಅವಳೇ ನಿನಗೆ ಎರಡು ಸಂದೇಶ ಕಳಿಸಿದಳು. ಎರಡಕ್ಕೂ ಉತ್ತರವಿಲ್ಲ. ವರ್ಕ್‌ಶಾಪಿನ ಕಚೇರಿಗೂ ಮಾಡಿದೆ. ಅವರ ಭಾಷೆ ನನಗೆ ಬಾರದು, ನನ್ನದು ಅವರಿಗೆ ಬಾರದು. ನಾನು ನಿನ್ನ ಹೆಸರು ಹೇಳಿದೆ, ಅವರು ಏನೋ ಹೇಳಿ ಇಟ್ಟರು.

ಇಲ್ಲಿ ಮನೆಯಲ್ಲಿ ನಡೆಯುತ್ತಿರುವುದನ್ನೂ ಕೇಳು. ಲಾಂಡ್ರಿಯ ಒಡತಿಯ ಜೊತೆ ಹದಿನೈದು ದಿನ ಎಲ್ಲಿಗೋ ಹೋಗುತ್ತೇನೆ ಎಂದು ನಿನ್ನಮ್ಮ ನನಗೆ ಕಥೆ ಕಟ್ಟಿದ್ದಾಳೆ. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು, ಒಮ್ಮೆ ಮದುವೆ ಮನೆ ಎನ್ನುತ್ತಾಳೆ, ಒಮ್ಮೆ ಬಾಣಂತನ ಎನ್ನುತ್ತಾಳೆ. ನಾನೂ ಎರಡಕ್ಕೂ ತಲೆಯಾಡಿಸುತ್ತೇನೆ. ನನ್ನ ಪುಸ್ತಕದ ಲೇಬಲ್‌ಗಳನ್ನು ಕದ್ದು ಅಡುಗೆಮನೆಯ ಡಬ್ಬಿಗಳಿಗೆಲ್ಲ ಅಂಟಿಸಿದ್ದಾಳೆ: ಉಪ್ಪು, ಸಕ್ಕರೆ, ಅಕ್ಕಿ. ಉಪ್ಪು ಸಕ್ಕರೆ ಗುರುತಿಸಲಾರದಷ್ಟು ದಡ್ಡನೇ ನಾನು? ನಿನ್ನೆ ನನ್ನನ್ನು ಒಲೆಯ ಮುಂದೆ ನಿಲ್ಲಿಸಿ ಅನ್ನ ಮಾಡುವುದನ್ನು ಕಲಿಸಿದಳು. ಎಸರು ಬರುವುದರೊಳಗೆ ಎರಡು ಸಲ ಕುಳಿತು ಸುಧಾರಿಸಿಕೊಂಡಳು. ಕಾಣದವನ ಹಾಗೆ ಅಕ್ಕಿ ತೊಳೆಯುತ್ತಾ ನಿಂತೆ. ನನಗೆ ಹೆದರಿಕೆಯಾಗಿದೆ ಮಗನೇ. ಇಷ್ಟು ಹೆದರಿಕೆ ಅಕ್ಕ ಹೋದಾಗಲೂ ಆಗಿರಲಿಲ್ಲ.

ಅದಕ್ಕೇ ಈ ಕಾಗದ. ನಿಮ್ಮ ಕಂಪನಿಗೆ ಬಿಡಿಭಾಗ ಒಯ್ಯುವ ವ್ಯಾನಿನ ಡ್ರೈವರ್ ಈಗ ಎಂಟೂವರೆಗೆ ಮನೆ ಮುಂದೆ ನಿಲ್ಲಿಸುತ್ತೇನೆ ಎಂದಿದ್ದಾನೆ. ನಾಳೆ ಸಂಜೆ ನಿನ್ನ ಕೈಗೇ ಕೊಡುತ್ತಾನೆ. ಬುಧವಾರ ಅದೇ ವ್ಯಾನು ವಾಪಸು ಹೊರಡುತ್ತದೆ, ನೀನು ಅದರಲ್ಲೇ ಕೂತು ಗುರುವಾರ ಮನೆ ಸೇರು. ನಿನ್ನಲ್ಲಿ ಒಂದೇ ಬೇಡಿಕೆ. ಕಳೆದ ಬುಧವಾರ ಫೋನಿನಲ್ಲಿ ಹೂಂ ಎಂದವನು ನೀನೇ ಎಂದು ಒಪ್ಪಿಕೋ. ಅವಳು ಏನು ಕೇಳಿದರೂ ಹೌದಮ್ಮಾ, ನಾನೇ ಹೇಳಿದ್ದು ಎನ್ನು. ಅದು ನನ್ನ ಬಾಯಿಯಿಂದ ಬಂದದ್ದು ಎಂದು ತಿಳಿದರೆ, ಅವಳು ಸೋಗಿನ ಮಾತು ನಂಬಿ ಹೊರಟೆನಲ್ಲ ಎಂದು ಹಿಂದೆ ಸರಿದಾಳು. ಸಹಿಯನ್ನೂ ನೀನೇ ಹಾಕು. ನಾನು ಏನೂ ತಿಳಿಯದವನ ಹಾಗೆ ಮನೆಯಲ್ಲಿರುತ್ತೇನೆ. ಎಲ್ಲ ಮುಗಿದು ಅವಳು ನಡೆದು ಮನೆಗೆ ಬಂದ ದಿನ ನಾನೇ ತಪ್ಪೊಪ್ಪಿಕೊಂಡು ಬೈಸಿಕೊಳ್ಳುತ್ತೇನೆ.

ದಾರಿಯಲ್ಲಿ ಹೊಟ್ಟೆಗೆ ಏನಾದರೂ ಹಾಕಿಕೋ. ಡ್ರೈವರನಿಗೆ ನನ್ನ ನಮಸ್ಕಾರ ಹೇಳು. ನಿನ್ನ ತಲೆಯ ಮೇಲೆ ನನ್ನ ಎರಡೂ ಕೈ ಇವೆ, ಅಂಟು ಮೆತ್ತಿದ್ದರೂ ಸಹಿಸಿಕೋ.

ಇಂತಿ, ನಿನ್ನನ್ನೇ ಕಾಯುತ್ತಿರುವ
ಅಪ್ಪ

ಮರೆತ ಮಾತು: ವ್ಯಾನು ಬಂದು ನಿಂತಿದೆ, ಹಾರ್ನ್ ಹೊಡೆಯುತ್ತಿದ್ದಾನೆ. ಹರಿದು ಹೊಸದಾಗಿ ಬರೆಯಲು ಹೊತ್ತಿಲ್ಲ. ಮೇಲಿನ ಬೇಡಿಕೆಯನ್ನು ಹೊಡೆದು ಹಾಕು. ಮಡಿಸುವ ಮುಂಚೆ ಒಮ್ಮೆ ಓದಿದೆ, ನಾಚಿಕೆಯಾಯಿತು. ಶುಕ್ರವಾರ ಕೆಟ್ಟದ್ದೇನಾದರೂ ಆದರೆ ನೀನು ಹೇಳದ ಆ ಹೂಂ ನಿನ್ನ ತಲೆಗೆ ಬರುತ್ತದೆ. ಅದನ್ನು ಹೊತ್ತು ಮೂವತ್ತೈದು ವರ್ಷ ಬದುಕುವುದು ಹೇಗಿರುತ್ತದೆ ಎಂದು ಗೊತ್ತಿರುವ ನಾನೇ ನಿನಗೆ ಹೊರಿಸಲು ಹೊರಟಿದ್ದೆ. ನೀನು ಒಪ್ಪಿಕೊಳ್ಳಬೇಡ. ಹೂಂ ಅಂದವನು ನಾನು, ಸಹಿ ಹಾಕುವವನೂ ನಾನೇ. ನೀನು ಬಂದು ನನ್ನ ಪಕ್ಕ ನಿಲ್ಲು, ಸಾಕು. ಕರೆ ತಿರುಗಿಸುವುದನ್ನು ಈ ದಡಕ್ಕೆ ಬಂದ ಕೂಡಲೇ ತೆಗೆಸು, ನಿನ್ನಮ್ಮ ನಿನಗೆ ಹೇಳಿದ್ದು ನಿನಗೇ ಕೇಳಿಸಲಿ. ಅವಳಿಗೆ ಎಲ್ಲವನ್ನೂ ಹೇಳಿಬಿಡಲು ನಾನು ಈಗಲೇ ಲಾಂಡ್ರಿಗೆ ಹೊರಟಿದ್ದೆ, ಅಷ್ಟರಲ್ಲಿ ಫೋನು ಬಡಿದುಕೊಳ್ಳುತ್ತಿದೆ. ಕೆಲಸಕ್ಕೆ ಕೂರುವ ಮುಂಚೆ ನಿನಗೆ ಮಾಡುತ್ತಿರುವವಳು ಅವಳೇ ಇರಬೇಕು. ಎತ್ತುತ್ತೇನೆ. ಬಾಯಲ್ಲಿ ಸೂಜಿ ಇಲ್ಲ.