ನಾನು ನುಂಗದ ಮಾತ್ರೆಗಳು

ಮಾದನಾಯಕನಹಳ್ಳಿ
ಮಂಗಳವಾರ

ಡಾಕ್ಟರ್ ಕಾವ್ಯಾ ಮೇಡಂ ಅವರಿಗೆ,

ನಿಮ್ಮ ಆಸ್ತಮಾ ಅಧ್ಯಯನದಿಂದ ನನ್ನ ಹೆಸರು ತೆಗೆದುಬಿಡಿ. ಎರಡು ತಿಂಗಳಿಂದ ನೀವು ಕೊಟ್ಟ ಆಂಟಿಆಕ್ಸಿಡೆಂಟ್ ಮಾತ್ರೆಗಳನ್ನು ನಾನು ನುಂಗಿಲ್ಲ. ನುಂಗಿದೆನೆಂದು ನಿಮ್ಮ ಹಾಳೆಯಲ್ಲಿ ದಿನವೂ ಗುರುತು ಹಾಕಿದ್ದೆಲ್ಲ ಸುಳ್ಳು.

ಅವನ್ನು ನನ್ನ ಗಂಡ ಅಮರಪ್ಪನವರಿಗೆ ಕೊಟ್ಟೆ. ಪೀಣ್ಯದ ಕಾರ್ಖಾನೆಯಲ್ಲಿ ಪಾಲಿಶ್ ಕೆಲಸ ಮಾಡುವ ಅವರಿಗೆ ಉಬ್ಬಸ ನನಗಿಂತ ಹೆಚ್ಚು. ಬೀಡಿ ಸೇದುತ್ತಾರೆಂದು ನೀವು ಅವರನ್ನು ಸೇರಿಸಿಕೊಳ್ಳಲಿಲ್ಲ. ಹೊಗೆ, ಧೂಳು ಶ್ವಾಸಕೋಶವನ್ನು ತುಕ್ಕಿನಂತೆ ತಿನ್ನುತ್ತವೆ, ಈ ಮಾತ್ರೆ ಅದನ್ನು ತಡೆಯುತ್ತದೋ ನೋಡಬೇಕು ಎಂದಿದ್ದಿರಿ. ತಡೆಯುತ್ತದೆ ಎಂದೇ ನಾನು ಕೇಳಿಸಿಕೊಂಡೆ.

ಹದಿನೈದು ದಿನಕ್ಕೆ ಅವರು, "ಎದಿ ಹಗುರ ಆಗೇತಿ, ಇನ್ನ ಆ ಪಂಪ್ ಯಾಕ ಬೇಕು?" ಎಂದು ಇನ್‌ಹೇಲರ್ ಬಿಟ್ಟರು. ನಾನು ತಡೆಯಲಿಲ್ಲ. ಶುಕ್ರವಾರ ಕಾರ್ಖಾನೆಯಲ್ಲೇ ಉಸಿರು ಕಟ್ಟಿ ಬಿದ್ದರು. ಈಗ ಐಸಿಯುನಲ್ಲಿದ್ದಾರೆ. ನಿನ್ನೆ ಕಣ್ಣು ಬಿಟ್ಟು ಮೊದಲು ಕೇಳಿದ್ದು, "ಗುಳಗಿ ತಂದೀಯೇನು?"

ಅರ್ಧ ಜನರಿಗೆ ನೀವು ಔಷಧಿಯೇ ಇಲ್ಲದ ಮಾತ್ರೆ ಕೊಟ್ಟಿದ್ದೀರಂತೆ. ನನ್ನ ಗಂಡ ನುಂಗಿದ್ದು ಯಾವುದೆಂದು ಇಲ್ಲಿನ ಡಾಕ್ಟರು ಕೇಳುತ್ತಿದ್ದಾರೆ. ಆ ಡಾಕ್ಟರ ನಂಬರ್ ಈ ಕಾಗದದ ಹಿಂದೆ ಬರೆದಿದ್ದೇನೆ, ದಯವಿಟ್ಟು ಇವತ್ತೇ ಫೋನ್ ಮಾಡಿ ತಿಳಿಸಿ.

ಅದು ಯಾವುದಾಗಿತ್ತೆಂದು ನನಗೆ ಮಾತ್ರ ಹೇಳಬೇಡಿ.

ಇಂತಿ,
ಮಲಕವ್ವ