ಗಿಣಿಯ ಸೈಲೆನ್ಸರ್

ಅಣ್ಣನ ಮನೆ
ಭಾನುವಾರ, ಮಾರ್ಚ್ ೯

ಟ್ರೋಫಿ ಗೆದ್ದ ಮಹಾಶಯರಿಗೆ,

‘ಪ್ರೀತಿಯ’ ಎಂದು ಶುರುಮಾಡಿ ಹೊಡೆದು ಹಾಕಿದೆ. ಮೇಲೆ ಮಸಿ ಕಾಣುತ್ತಿದೆಯಲ್ಲ, ಅದು ಅದೇ. ಬೇರೆ ಹಾಳೆ ತೆಗೆದುಕೊಳ್ಳಬಹುದಿತ್ತು. ಹೊಡೆದು ಹಾಕಿದ್ದು ನಿಮಗೆ ಕಾಣಲಿ ಎಂದೇ ಬಿಟ್ಟಿದ್ದೇನೆ.

ನಿಮ್ಮ ಕಾಗದ ಬಂತು. ನಾನು ಮನೆ ಬಿಟ್ಟು ಬಂದ ಮೇಲೆ ನೀವು ಬರೆದ ಮೊದಲ ಕಾಗದ. ಪುಟ ತುಂಬ ಹಲ್ಲಿನ ಡಾಕ್ಟರ ಕಾರಿನ ಪುರಾಣ, ಕೊನೆಗೆ ಜಾಗ ಉಳಿಯಿತೆಂದು ‘ನೀನೂ ಕ್ಷೇಮ ತಾನೆ?’ ಓದುತ್ತಾ ಓದುತ್ತಾ ಮೈಯೆಲ್ಲ ಉರಿಯಿತು. ಅಲ್ಲೇ ಇದ್ದ ಬಕೆಟನ್ನು ಒದ್ದೆ. ಅತ್ತಿಗೆ ಅಡುಗೆಮನೆಯಿಂದ ಓಡಿಬಂದು ಯಾರಿಗೆ ಏನಾಯ್ತು ಎಂದು ಕೇಳಿದರು. ಯಾರಿಗೂ ಏನೂ ಆಗಿಲ್ಲ, ನಮ್ಮ ಯಜಮಾನರು ಕಾಗದ ಬರೆದಿದ್ದಾರೆ ಎಂದೆ.

ಡಾಕ್ಟರ ಬಳಿಯೂ ಹಳೆಯ ಸ್ಪೋರ್ಟ್ಸ್ ಕಾರಿದೆಯಂತೆ. ನಮ್ಮ ಕಾರು ಗಿಣಿಗೆ ಇರುವಂಥದ್ದೇ ಜೋಡಿ ಸೈಲೆನ್ಸರ್ ಅದಕ್ಕೂ ಬೇಕಂತೆ. ನೀವು ಎದೆ ತಟ್ಟಿಕೊಂಡು ಒಪ್ಪಿದಿರಂತೆ, ಮಾಡಿಯೂ ಕೊಟ್ಟಿರಂತೆ. ಈಗ ಸೈಲೆನ್ಸರ್‌ನ ಹಿಂಬದಿಯ ಮುಚ್ಚಳದ ಹತ್ತಿರ ಬಿರುಕು ಬಿಟ್ಟು, ಹೊಗೆ ಸೀಟಿನ ಕೆಳಗಿನಿಂದ ಒಳಗೆ ನುಗ್ಗಿ, ಡಾಕ್ಟರ ಹೆಂಡತಿಗೆ ತಲೆನೋವು, ವಾಂತಿ. ಮತ್ತೆ ವೆಲ್ಡಿಂಗ್ ಮಾಡಿದರೆ ಮತ್ತೆ ಬಿರುಕು. ‘ಒಂದ್ಸಲ ಬಂದು ನೋಡಿ ಹೋಗು, ನನ್ನ ಮರ್ಯಾದೆ ಪ್ರಶ್ನೆ’ ಎಂದು ಬರೆದಿದ್ದೀರಿ. ಅದು ಆ ಹೆಂಗಸಿನ ಪ್ರಾಣದ ಪ್ರಶ್ನೆ ಎಂದು ನಿಮಗೆ ಹೊಳೆಯಲೇ ಇಲ್ಲವಲ್ಲ. ಊರಿಗೆಲ್ಲ ಕನ್ನಡಕ ಮಾರುವವರು ನೀವು. ಮೊದಲು ನಿಮಗೊಂದು ಹಾಕಿಕೊಳ್ಳಿ.

ನಾನು ಬರುವುದಿಲ್ಲ. ಬಿರುಕು ಯಾಕೆ ಬಿಡುತ್ತಿದೆ ಎಂದು ನನಗೆ ಗೊತ್ತು. ಕಾಗದ ಓದುತ್ತಿದ್ದಂತೆಯೇ ಗೊತ್ತಾಯಿತು. ಹೇಳುವುದಿಲ್ಲ.

ಯಾಕೆ ಹೇಳಬೇಕು? ಟ್ರೋಫಿ ಗೂಡಿನಲ್ಲಿ ಕೂತಿದೆಯಲ್ಲ, ಅದನ್ನೇ ಕೇಳಿ.

ನಿಮಗೆ ಮರೆವು ಜಾಸ್ತಿ, ನಾನೇ ನೆನಪಿಸುತ್ತೇನೆ. ಗಿಣಿಯ ಹಳೆಯ ಸೈಲೆನ್ಸರ್‌ಗಳು ತುಕ್ಕು ಹಿಡಿದು ಉದುರಿದಾಗ ನೀವು ಎಲ್ಲೆಲ್ಲೋ ಫೋನು ಮಾಡಿದಿರಿ. ಆ ಕಾರು ಮಾಡಿದ ಕಂಪನಿಯೇ ಯಾವ ಕಾಲಕ್ಕೋ ಮುಚ್ಚಿಹೋಗಿದೆ, ಸೈಲೆನ್ಸರ್ ಎಲ್ಲಿಂದ ಬರಬೇಕು? ಆದರೂ ಓಡಿಸುವುದು ಬಿಡಲಿಲ್ಲ. ನೀವು ಬೀದಿಗೆ ತಿರುಗಿದರೆ ಜನ ಕಿಟಕಿ ಹಾಕಿಕೊಳ್ಳುತ್ತಿದ್ದರು. ಎದುರುಮನೆಯ ಬಾಣಂತಿ ಕೂಸನ್ನು ಎತ್ತಿಕೊಂಡು ಬಂದು, “ಅಕ್ಕಾ, ಈಗಷ್ಟೇ ಮಲಗಿಸಿದ್ದೆ” ಎಂದು ಕಣ್ಣಲ್ಲಿ ನೀರು ಹಾಕಿದಳು. ನನ್ನ ಹತ್ತಿರ ಹೇಳಿದಳೇ ಹೊರತು ನಿಮ್ಮ ಹತ್ತಿರ ಅಲ್ಲ. ಬೈಗುಳ ತಿನ್ನಲು ಮಾತ್ರ ಆ ಕಾರು ನನ್ನದೂ ಆಗಿತ್ತು.

ಅವತ್ತು ಮಧ್ಯಾಹ್ನ ಬಟ್ಟೆ ಹೊಲಿಯುವ ಟೇಪು ಹಿಡಿದು ಕಾರಿನ ಕೆಳಗೆ ತೂರಿದವಳು ನಾನು. ಅಪ್ಪನ ಅಂಗಡಿಯಿಂದ ತಂದ ಕೊಡತಿಯಲ್ಲಿ ಸ್ಟೀಲಿನ ತಗಡನ್ನು ದಪ್ಪ ಪೈಪಿನ ಮೇಲಿಟ್ಟು ತಟ್ಟಿ ತಟ್ಟಿ ದುಂಡಗೆ ಮಾಡಿದ್ದು ನಾನು. ಒಳಗಿನ ಕೊಳವೆಗೆ ಸಾಲುಸಾಲಾಗಿ ತೂತು ಕೊರೆದದ್ದು ನಾನು. ಅದರ ಸುತ್ತ ಸದ್ದು ಹೀರುವ ಗಾಜಿನೆಳೆಯ ಗ್ಲಾಸ್ ವೂಲ್ ತುಂಬಿ, ಕೈ ತುರಿಸಿ ತುರಿಸಿ ಅನ್ನ ಕಲಸಲಾಗದೆ ಚಮಚದಲ್ಲಿ ಉಂಡದ್ದೂ ನಾನೇ. ಮೊದಲ ಜೋಡಿಗೆ ತೂತು ಕಡಿಮೆಯಾಗಿ ಗಿಣಿ ಏರು ಹತ್ತಲಾರದೆ ಉಸಿರು ಕಟ್ಟಿ ನಿಂತಿತು. ಎರಡನೆಯದು ಖಾಲಿ ಡಬ್ಬಿಯ ಹಾಗೆ ಗುಂಯ್‌ಗುಟ್ಟಿತು. ಮೂರನೆಯದು ಕೂತುಕೊಂಡಿತು. ಬಾಣಂತಿಯ ಕೂಸೂ ನಿದ್ದೆ ಮಾಡಿತು.

ನೀವು ಏನೂ ಮಾಡಲಿಲ್ಲ ಎಂದರೆ ನನ್ನ ನಾಲಿಗೆ ಸುಳ್ಳಾಡಿದ ಹಾಗೆ. ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತು, “ಇನ್ನೂ ಸ್ವಲ್ಪ ಗಡಸು ಬೇಕು ಕಣೇ, ಗಂಟಲೊಳಗಿಂದ ಬಂದ ಹಾಗಿರ್ಬೇಕು” ಎನ್ನುತ್ತಿದ್ದಿರಿ. ನೀವು ಹೇಳಿದ್ದು ಸರಿ ಇರುತ್ತಿತ್ತು. ನನಗೆ ಅಷ್ಟು ಸೂಕ್ಷ್ಮ ಕೇಳಿಸುವುದಿಲ್ಲ, ತಗಡಿನಂಗಡಿಯಲ್ಲಿ ಬೆಳೆದ ಕಿವಿ. ಆ ಶೆಡ್ಡಿನಲ್ಲಿ ನಾವಿಬ್ಬರೂ ಕೂತಿದ್ದಷ್ಟು ಖುಷಿಯಾಗಿ ಮದುವೆಯಾದ ಮೇಲೆ ಬೇರೆ ಎಲ್ಲೂ ಕೂತಿರಲಿಲ್ಲ. ಅದಕ್ಕೇ ಹೊಟ್ಟೆ ಇಷ್ಟು ಉರಿಯುವುದು. ಕಿವಿ ನಿಮ್ಮದು, ಕೈ ನನ್ನದು. ಅಷ್ಟು ಹೇಳಿದ್ದರೂ ಸಾಕಿತ್ತು.

ನೀವು ಹೇಳಿದ್ದೇನು? ಹಳೆ ಕಾರುಗಳ ಮೇಳದಲ್ಲಿ ಗಿಣಿಗೆ ಟ್ರೋಫಿ ಕೊಡುತ್ತಾ ಸಂಘದ ಅಧ್ಯಕ್ಷರು ಮೈಕ್ ಹಿಡಿದು, ಇಷ್ಟು ಚೆಂದದ ಸೈಲೆನ್ಸರ್ ಯಾರು ಮಾಡಿದ್ದು ಎಂದು ಕೇಳಿದರು. ನಾನು ಮುಂದಿನ ಸಾಲಿನಲ್ಲಿ ನಿಮ್ಮ ಕೋಟು, ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಮಣಿಕಟ್ಟಿನಲ್ಲಿ ವೆಲ್ಡಿಂಗಿನ ಸುಟ್ಟ ಗಾಯ ಇನ್ನೂ ಹಸಿಯಾಗಿತ್ತು. ನೀವು ನನ್ನನ್ನು ನೋಡಿದಿರಿ. ಇಲ್ಲ ಅನ್ನಬೇಡಿ, ನೋಡಿದಿರಿ. ನೋಡಿಯೇ, “ನಾನೇ ಮಾಡಿದ್ದು ಸಾರ್, ರಜೆಯೆಲ್ಲ ಶೆಡ್ಡಲ್ಲೇ ಕಳೆದೆ. ನಮ್ಮ ಮನೆಯವ್ರು ಟೀ ಮಾಡಿ ಕೊಡ್ತಿದ್ರು” ಎಂದಿರಿ. ಜನ ನಕ್ಕರು. ಚಪ್ಪಾಳೆ ಹೊಡೆದರು. ಏನು ಮಾಡಬೇಕೋ ತಿಳಿಯದೆ ನಾನೂ ಹೊಡೆದೆ, ಬಾಟಲಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು.

ದಾರಿಯಲ್ಲಿ ಕೇಳಿದ್ದಕ್ಕೆ, ಗಂಡ ಹೆಂಡತಿ ಮಧ್ಯೆ ನಂದು ನಿಂದು ಎಂಥದು ಎಂದಿರಿ. ಅದನ್ನೂ ನುಂಗಿಕೊಳ್ಳುತ್ತಿದ್ದೆ. ಆಮೇಲೆ ಮೂಗು ಮುರಿದು, “ಅಷ್ಟು ದೊಡ್ಡೋರ ಮುಂದೆ ನನ್ನ ಹೆಂಡ್ತಿ ತಗಡು ಬಡಿಯೋರ ಮಗಳು ಅಂತ ಹೇಳಕ್ಕಾಗತ್ತಾ?” ಎಂದಿರಿ ನೋಡಿ, ಅಲ್ಲಿಗೆ ಮುಗಿಯಿತು. ಕೊಡತಿ, ತಗಡು ಕತ್ತರಿ, ನಾಲ್ಕು ಸೀರೆ ಕಟ್ಟಿಕೊಂಡು ಹೊರಟೆ. ಕೋಪ ಇಳಿದರೆ ತಾನೇ ಬರುತ್ತಾಳೆ ಎಂದು ಪಕ್ಕದವರಿಗೆ ಹೇಳಿದಿರಂತೆ. ಇಳಿದಿಲ್ಲ.

ಅಪ್ಪ ಜೀವಮಾನವಿಡೀ ಬೇಕರಿಗಳಿಗೆ ಹೊಗೆಕೊಳವೆ ಕೂರಿಸಿದವರು. ಅವರು ತೀರಿಕೊಂಡು ಇಷ್ಟು ದಿನವಾದರೂ ಅವರು ಕೂರಿಸಿದ ಒಂದು ಕೊಳವೆಯೂ ಬಿರುಕು ಬಿಟ್ಟಿಲ್ಲ. ಅಣ್ಣ ಮೊನ್ನೆ ಆ ಮಾತು ಹೇಳಿದಾಗ ನಾನು ನಿಮ್ಮ ಕಾಗದವನ್ನೇ ಅವನ ಕೈಗಿಟ್ಟೆ. ಅದರಲ್ಲೊಂದು ಸಾಲಿದೆಯಲ್ಲ? ಶೆಡ್ಡಿನಲ್ಲಿ ಬಿದ್ದಿದ್ದ ಎರಡನೇ ಜೋಡಿಯನ್ನು ಸೀಳಿ ನೋಡಿದೆ, ‘ಒಳಗಿನ ಕೊಳವೆಯ ಒಂದು ತುದಿಗೆ ನೀನು ವೆಲ್ಡಿಂಗ್ ಮಾಡೋದೇ ಮರೆತಿದ್ದೆ, ನಾನು ಡಾಕ್ಟರದ್ದಕ್ಕೆ ಎರಡೂ ಕಡೆ ಭದ್ರವಾಗಿ ಹಾಕಿ ಸರಿಪಡಿಸಿದ್ದೇನೆ’ ಎಂದು? ಅಣ್ಣ ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ನಗು ಬರಲಿಲ್ಲ. ನನ್ನ ತಪ್ಪನ್ನು ತಿದ್ದಲು ನಿಮಗೆ ಎಷ್ಟು ಅವಸರ! ಒಂದು ಮಾತು ನನ್ನನ್ನು ಕೇಳಬಹುದಿತ್ತು. ಟ್ರೋಫಿ ಕೊಟ್ಟವರು ಕೇಳಿದರು, ನೀವು ಕೇಳಲಿಲ್ಲ.

ಇಲ್ಲಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಬೆಂಚು ನನಗೆ ಬಿಟ್ಟುಕೊಟ್ಟಿದ್ದಾನೆ ಅಣ್ಣ. ಕೆಲಸವಿದೆ, ಊಟವಿದೆ, ಅತ್ತಿಗೆಯ ಬಾಯಿಯೂ ಇದೆ. ಸಂಜೆ ರಸ್ತೆಯಲ್ಲಿ ಯಾವುದಾದರೂ ಕಾರು ಗಂಟಲೊಳಗಿಂದ ಗುರುಗುಟ್ಟಿದರೆ ಕೊಡತಿ ಹಾಗೇ ನಿಲ್ಲುತ್ತದೆ. ಗಿಣಿ ಅಲ್ಲ ಎಂದು ಗೊತ್ತಾದ ಮೇಲೆ ಮತ್ತೆ ತಟ್ಟುತ್ತೇನೆ, ಮೊದಲಿಗಿಂತ ಜೋರಾಗಿ.

ಇಷ್ಟು ಸಾಕು. ಕೈ ನೋಯುತ್ತಿದೆ.

ಇಂತಿ,
ಟೀ ಮಾಡಿ ಕೊಡುತ್ತಿದ್ದವಳು

ತಾ.ಕ.: ಹೇಳುವುದಿಲ್ಲ ಎಂದಿದ್ದೆ. ಆ ಹೆಂಗಸಿಗಾಗಿ ಹೇಳುತ್ತಿದ್ದೇನೆ, ನಿಮಗಾಗಿ ಅಲ್ಲ. ಕೊಳವೆ ಕಾದರೆ ಉದ್ದವಾಗುತ್ತದೆ. ಮುಂದಿನ ತುದಿಯನ್ನು ಮಾತ್ರ ಬಿಗಿಯಬೇಕು. ಹಿಂದಿನ ತುದಿಯನ್ನು ಬಳೆಯಂಥ ಪಟ್ಟಿಯೊಳಗೆ ಸುಮ್ಮನೆ ತೂರಿಸಿ, ಜಾರಲು ಜಾಗ ಬಿಡಬೇಕು. ಎರಡೂ ಕಡೆ ಕಟ್ಟಿಹಾಕಿದರೆ ಅದು ಮುಚ್ಚಳವನ್ನು ಒದ್ದು ಒಡೆಯುತ್ತದೆ. ಅಪ್ಪನ ಹೊಗೆಕೊಳವೆಗಳ ಗುಟ್ಟು ಅಷ್ಟೇ. ನಾನು ಮರೆತದ್ದಲ್ಲ, ಬಿಟ್ಟದ್ದು.

ಈ ಕಾಗದ ಬರೆಯಲು ಕೂರುವ ಮೊದಲೇ ಡಾಕ್ಟರ ಮನೆಗೆ ಫೋನು ಮಾಡಿ, ಕಾರು ಹೊರಗೆ ತೆಗೆಯಬೇಡಿ ಎಂದಿದ್ದೇನೆ. ಯಾರು ಮಾತಾಡ್ತಿರೋದು ಎಂದು ಡಾಕ್ಟರು ಕೇಳಿದರು. ಗಿಣಿಗೆ ಸೈಲೆನ್ಸರ್ ಮಾಡಿದವಳು ಎಂದೆ. ಇನ್ನೊಂದು ಸಲ ಹೇಳಿ ಎಂದರು, ಹೇಳಿದೆ. ಆಮೇಲೆ, ಹಾಗಾದ್ರೆ ನಮ್ಮದನ್ನೂ ನೀವೇ ಮಾಡಿಕೊಡಿ ಅಮ್ಮಾ ಎಂದರು. ಮಂಗಳವಾರ ಕಾರನ್ನು ಲಾರಿಯಲ್ಲಿ ಹಾಕಿ ಇಲ್ಲಿಗೆ ಕಳಿಸುತ್ತಾರೆ. ನಾನು ಮಾಡಿಬಿಡುತ್ತೇನೆ, ಆದರೆ ಸದ್ದು ಸರಿಯಾಯಿತೋ ಇಲ್ಲವೋ ಕೇಳಲು ಒಂದು ಕಿವಿ ಬೇಕು. ಬರುವುದಿದ್ದರೆ ಬನ್ನಿ, ಸ್ಟೂಲಿದೆ. ಟೀ ನೀವು ಮಾಡಬೇಕು. ಯಾರಾದರೂ ಕೇಳಿದರೆ ಹಾಗೆಂದೇ ಹೇಳಬೇಕು.