ಬಾಗಿಲಿಗೆ ಸಿಕ್ಕಿದ ಉಗುರು

ಪುಟ್ಟರಾಜು,

ರಾತ್ರಿ ಎಣ್ಣೆಗೆ ಅರಿಶಿನ ಹಾಕಿ ನೀನು ಕಾಯಿಸಿದಾಗ ಬಂದ ವಾಸನೆಗೆ, ನಮ್ಮವ್ವ ನನ್ನ ಮಂಡಿಗಾಯಕ್ಕೆ ಹಚ್ಚುತ್ತಿದ್ದುದು ನೆನಪಾಯಿತು. ಬೆಕ್ಕಿನ ಮರಿಗೆ ಅದು ಬೇಡ, ನೆಕ್ಕಿಬಿಡುತ್ತದೆ. ಜೋತಾಡುವ ಉಗುರನ್ನು ಕೀಳಬೇಡ. ರಕ್ತ ಬಂದರೆ ಒಗೆದ ಬಟ್ಟೆಯಿಂದ ಮೆತ್ತಗೆ ಒತ್ತಿ ಹಿಡಿ. ನಿನ್ನ ಜ್ವರದ ಮಾತ್ರೆ ಬೆಕ್ಕಿಗೆ ವಿಷ, ಕೊಡಬೇಡ. ದನದಾಸ್ಪತ್ರೆ ತೆರೆಯುತ್ತಲೇ ಬುಟ್ಟಿಯಲ್ಲಿ ಕರೆದುಕೊಂಡು ಹೋಗು.

ನಿನ್ನೆ ನೀನು ಬಾಗಿಲು ದಬ್ಬಿದ್ದು ನನ್ನ ಮೇಲಿನ ಸಿಟ್ಟಿಗೆ. ಸಿಕ್ಕಿಕೊಂಡು ಕಿತ್ತು ಜೋತುಬಿದ್ದದ್ದು ಮರಿಯ ಉಗುರು. "ಬುಡವ್ವ, ಬೆಕ್ಕು ತಾನೆ" ಅಂದೆ ನೀನು. ಅದನ್ನು ಮರೆಯಲಾರೆ.

ನಾನು ನರಸೀಪುರಕ್ಕೆ, ತಂಗಿಯ ಮನೆಗೆ ಹೊರಟೆ. ಬಸ್ಸಿನ ಕುಲುಕಾಟವನ್ನು ಮರಿ ತಡೆಯದು. ಇಲ್ಲದಿದ್ದರೆ ನಿನ್ನ ಕೈಗೆ ಬಿಡುತ್ತಿರಲಿಲ್ಲ. ಅದು ನಾಲ್ಕೂ ಕಾಲೂರಿದ ಮೇಲೆ ಫೋನ್ ಮಾಡು.

ನಿನ್ನ ಹೆಂಡತಿ ಮೊಸರನ್ನದ ಡಬ್ಬಿಯ ಮುಚ್ಚಳವನ್ನು ನೀನು ಏಳದ ಹಾಗೆ ಸದ್ದಾಗದಂತೆ ಒತ್ತಿ, ಈಗಷ್ಟೇ ನನ್ನ ಕೈಗಿಟ್ಟಳು.

ಅವ್ವ